ನೀರು ಕೇಳಿದ

ಸತ್ತವರಲ್ಲಿ ಯಾರು ಪುಸ್ತಕ ಸೇರಬೇಕು, ಯಾರು ಹೊರಗೆ ಉಳಿಯಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಬದುಕಿರುವವರಿಗೆ ಯಾರು ಕೊಟ್ಟರೋ ದೇವರೇ ಬಲ್ಲ. ಯಾದಗಿರಿಯಲ್ಲಂತೂ ಅದು ಮೂವರ ಪಾಲಿಗೆ ಬಂದಿತ್ತು. ಜಿಲ್ಲೆಗೊಂದು ವಿಶ್ವಕೋಶ ಬೇಕೆಂದು ಕೆಲವು ಹಿರಿಯರು ಸೇರಿ ಸಮಿತಿ ಕಟ್ಟಿದ್ದರು. ನಿವೃತ್ತ ಪ್ರಾಂಶುಪಾಲ ಬಾಲರಾಜ ಅದರ ಅಧ್ಯಕ್ಷರು. ಶಹಾಪುರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇತಿಹಾಸ ಕಲಿಸಿ ಮನೆಗೆ ಬಂದ ನಾಗಣ್ಣ ಮಾಸ್ತರು ವ್ಯಕ್ತಿಗಳ ವಿಭಾಗದ ಸಂಪಾದಕರು. ಮೂರನೆಯವರು ಮೊದಲ ಸಭೆಯ ಗ್ರೂಪ್ ಫೋಟೋಕ್ಕೆ ನಿಂತು ಹೋದವರು ಆಮೇಲೆ ಮುಖ ತೋರಿಸಿರಲಿಲ್ಲ.

ವ್ಯಕ್ತಿಗಳ ವಿಭಾಗವೆಂದರೆ ಜಗಳದ ವಿಭಾಗ. ಎಲ್ಲರ ಮನೆಯಲ್ಲೂ ಒಬ್ಬ ದೊಡ್ಡ ಮನುಷ್ಯ ಹುಟ್ಟಿಯೇ ಇರುತ್ತಾನೆ. ರಾಮಸಮುದ್ರದವರೊಬ್ಬರು ತಮ್ಮ ಮಾವ ಬಾವಿ ತೋಡಿಸಿದ್ದನ್ನು ಹನ್ನೆರಡು ಪುಟ ಬರೆದು ಕಳಿಸಿದ್ದರು. ಕೊಡೇಕಲ್ಲಿನಿಂದ ಒಬ್ಬ ಆಸಾಮಿ ತನ್ನ ಬಗ್ಗೆ ತಾನೇ ಬರೆದುಕೊಂಡು, ಮೂರು ಫೋಟೋ ಲಗತ್ತಿಸಿ, ಖುದ್ದಾಗಿ ಬಂದಿದ್ದ. ಇವರ ಕಾಟ ತಾಳಲಾರದೆ ನಾಗಣ್ಣ ಮಾಸ್ತರು ಒಂದು ನಿಯಮ ಮಾಡಿದರು. ಯಾರೇ ಇರಲಿ, ಒಂದಕ್ಕೊಂದು ಸಂಬಂಧವಿಲ್ಲದ, ಅಚ್ಚಾದ ಎರಡು ಆಧಾರ ಬೇಕು. ಮನೆಯವರ ಬಾಯಿಮಾತು ಆಧಾರವಲ್ಲ. ಈ ನಿಯಮದ ಬಲದಿಂದ ಅವರು ಎಷ್ಟು ಅಜ್ಜಂದಿರನ್ನು ಕತ್ತರಿಸಿ ಹಾಕಿದರೆಂದರೆ, ಜನ ಬೆನ್ನ ಹಿಂದೆ ಅವರನ್ನು ಕತ್ತರಿ ಮಾಸ್ತರು ಅನ್ನತೊಡಗಿದರು. ಎದುರಿಗೆ ಅಂದಿದ್ದರೂ ಅವರು ಖುಷಿಯೇ ಪಡುತ್ತಿದ್ದರು.

ಏಪ್ರಿಲ್ ತಿಂಗಳ ಒಂದು ದಿನ, ಬೆಳಿಗ್ಗೆ ಹನ್ನೊಂದಕ್ಕೇ ಫ್ಯಾನು ಬಿಸಿಗಾಳಿ ಕಡೆಯುತ್ತಿದ್ದ ಹೊತ್ತಿನಲ್ಲಿ, ಹುಣಸಗಿಯ ಪ್ರಾಥಮಿಕ ಶಾಲೆಯ ಟೀಚರು ಭಾರತಿ ಸಮಿತಿಯ ಕೋಣೆಗೆ ಬಂದಳು. ಕೈಯಲ್ಲಿ ನೀಲಿ ಫೈಲು. ಮೂವತ್ತೇಳರ ಹೆಣ್ಣುಮಗಳು. ಅವಳ ತಂದೆ ಕ್ಯಾಪ್ಟನ್ ಮರಿಲಿಂಗಪ್ಪ ಲಂಕೆಗೆ ಹೋದ ಶಾಂತಿಪಡೆಯಲ್ಲಿದ್ದವರು. ೧೯೮೮ರಲ್ಲಿ ಅವರಿಗೆ ಶೌರ್ಯ ಪದಕ ಬಂದಿತ್ತು. ಏಳು ವರ್ಷದ ಮೇಲೆ ಕಾಮಾಲೆಯಾಗಿ ತೀರಿಕೊಂಡಾಗ ಭಾರತಿ ಎರಡನೇ ಇಯತ್ತೆಯಲ್ಲಿದ್ದಳು.

ಫೈಲಿನ ಮೇಲಿನ ಹೆಸರು ಓದಿದ್ದೇ ನಾಗಣ್ಣ ಮಾಸ್ತರ ಬಾಯಿ ಒಣಗಿತು. ಬಾಲರಾಜರು ಮಾತ್ರ ಹಿಗ್ಗಿದರು.

"ನಾಗಣ್ಣೋರ, ಇದು ತಾಸಿನ ಕೆಲಸ ನೋಡ್ರಿ. ಪದಕ ಬಂದದ, ನಮ್ಮ ಮಣ್ಣಿನ ಮನಷ್ಯಾ ಇದ್ದಾನ. ಬರದು ಮುಗಸ್ರಿ."

"ಪದಕ ಬಂದೋರೆಲ್ಲಾ ಸೇರಂಗಿಲ್ರಿ," ಎಂದರು ಮಾಸ್ತರು. "ಎಲ್ಲಕ್ಕಿಂತ ಮ್ಯಾಲಿನ ಪದಕ ಆಗಿದ್ರ ಮಾತು ಬ್ಯಾರೆ ಇತ್ತು. ಇದು ಕೆಳಗಿಂದು. ಆಧಾರ ಬೇಕು."

"ಆಧಾರ ಮೂರು ತಂದೀನ್ರಿ ಸರ," ಎಂದಳು ಭಾರತಿ.

ಒಂದು, ಕಲಬುರಗಿಯ ಒಂದು ದಿನಪತ್ರಿಕೆಯ ತುಣುಕು, ೧೯೮೮ರದು. ಇನ್ನೊಂದು, ಕ್ಯಾಪ್ಟನ್ ಓದಿದ ಶಾಲೆಯ ಚಿನ್ನದ ಹಬ್ಬದ ಸಂಚಿಕೆ. ಮತ್ತೊಂದು, ತಾಲೂಕಿನ ಇತಿಹಾಸ ಹೇಳುವ ಸಣ್ಣ ಪುಸ್ತಕ. ಪತ್ರಿಕೆಯ ತುಣುಕಿಗೆ ಬರೆದವರ ಹೆಸರಿರಲಿಲ್ಲ. 'ನಮ್ಮ ಬಾತ್ಮೀದಾರರಿಂದ' ಎಂದಷ್ಟೇ ಇತ್ತು. ಭಾರತಿ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಕೆಂಪು ಗೆರೆ ಎಳೆದ ಸಾಲನ್ನು ಗಟ್ಟಿಯಾಗಿ ಓದಿದಳು. ಮಕ್ಕಳಿಗೆ ಪದ್ಯ ಹೇಳಿಕೊಟ್ಟು ರೂಢಿಯಾದ ದನಿ.

'ಸಾಯುತ್ತಿದ್ದ ಸಿಪಾಯಿ ಹಾಶಿಮ ನೀರು ಕೇಳಿದಾಗ, ಕ್ಯಾಪ್ಟನ್ ಮರಿಲಿಂಗಪ್ಪನವರು ತಮ್ಮ ಬಾಟಲಿಯಲ್ಲಿ ಉಳಿದಿದ್ದ ಕೊನೆಯ ಗುಟುಕನ್ನು ಅವನ ಬಾಯಿಗೆ ಹನಿಸಿದರು.'

ಮೂರರಲ್ಲೂ ಅದೇ ಸಾಲು. ಅದೇ ಹನಿಸುವಿಕೆ, ಅದೇ ಅಲ್ಪವಿರಾಮ.

"ನಮ್ಮಪ್ಪ ಅಂದ್ರ ನನಗ ಈ ಸಾಲೇ ರಿ," ಎಂದಳು ಭಾರತಿ. "ಮುಖ ನೆಪ್ಪಿಲ್ಲ. ಇದು ಬಾಯಿಪಾಠ ಅದ. ಇದೊಂದು ಪುಸ್ತಕದಾಗ ಉಳದ್ರ ಸಾಕು."

ಮಾಸ್ತರು ಎದುರಿಗಿದ್ದ ನೀರಿನ ಲೋಟ ಎತ್ತಿಕೊಂಡರು. ಲೋಟ ತುಟಿಗೆ ಮುಟ್ಟಬೇಕು, ಅಷ್ಟರಲ್ಲಿ ಬೆನ್ನ ಹಿಂದಿನಿಂದ ಯಾರೋ, ಪಕ್ಕದ ಮನೆಯವರನ್ನು ಕೇಳುವಷ್ಟು ಸಹಜವಾಗಿ, ಮೆಲ್ಲಗೆ ಕೇಳಿದರು.

"ಮಾಸ್ತರ, ನೀರು."

ಹಿಂದೆ ಗೋಡೆ ಇತ್ತು. ಗೋಡೆಗೆ ಹಳೆಯ ಕ್ಯಾಲೆಂಡರು ಇತ್ತು.

ಇದು ಅವರಿಗೆ ಹೊಸದಲ್ಲ. ಮೂವತ್ತಾರು ವರ್ಷದಿಂದ ನಡೆದುಬಂದದ್ದು. ವಾರಗಟ್ಟಲೆ ಸುಮ್ಮನಿದ್ದು, ಇನ್ನು ಹೋಯಿತು ಅಂದುಕೊಂಡ ದಿನವೇ ಬರುತ್ತಿತ್ತು. ಮದುವೆಯ ಊಟದ ಪಂಕ್ತಿಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೋಣೆಯಲ್ಲಿ, ಭೀಮಾ ಸೇತುವೆ ದಾಟುವ ಬಸ್ಸಿನಲ್ಲಿ, ನಡು ಹಗಲಿನಲ್ಲಿ, ಹತ್ತು ಜನರ ಮಧ್ಯೆ. ಅದು ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕೇಳುತ್ತಿತ್ತು ಅಷ್ಟೇ. ಹೀಗಾಗಿ ಮಾಸ್ತರಿಗೆ ಒಂದು ಚಟ ಅಂಟಿಕೊಂಡಿತ್ತು: ಎಲ್ಲಿ ನೀರು ಕುಡಿದರೂ ತಳದಲ್ಲಿ ಒಂದು ಗುಟುಕು ಬಿಡುವುದು. "ಯಾರಿಗಿ ಎಂಜಲ ಬಿಡ್ತೀರಿ, ನಿಮ್ಮ ನೆಳ್ಳಿಗೇನು?" ಎಂದು ಹೆಂಡತಿ ಮಲ್ಲಿಕಮ್ಮ ಮೊದಮೊದಲು ಛೇಡಿಸುತ್ತಿದ್ದಳು. ಬಿಟ್ಟ ಗುಟುಕು ಅರ್ಧ ತಾಸಿನಲ್ಲಿ ಆರಿಹೋಗಿರುತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಅದೇನು ದೊಡ್ಡದಲ್ಲ ಎಂದು ಬೇಸಿಗೆಯಲ್ಲಿ ಅಂದುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಏನೂ ಅಂದುಕೊಳ್ಳುತ್ತಿರಲಿಲ್ಲ.

ಮೂರೂ ಕಡೆ ಅಚ್ಚಾದ ಆ ಸಾಲನ್ನು ಬರೆದವರು ನಾಗಣ್ಣ ಮಾಸ್ತರೇ. ಆ 'ನಮ್ಮ ಬಾತ್ಮೀದಾರ' ಅವರೇ. ಉಳಿದೆರಡೂ ಪತ್ರಿಕೆಯಿಂದ ನಕಲಾದವು.

ಆಗ ಅವರಿಗೆ ಮೂವತ್ತರ ಪ್ರಾಯ. ಶಾಲೆಯ ಜೊತೆಗೆ ಪತ್ರಿಕೆಗೆ ಸುದ್ದಿ ಕಳಿಸುವ ಹುಚ್ಚು. ಪದಕದ ಪಟ್ಟಿ ರೇಡಿಯೋದಲ್ಲಿ ಬಂದ ಮರುದಿನವೇ ಹುಣಸಗಿಗೆ ಹೋಗಿ ಕ್ಯಾಪ್ಟನ್ನರ ತಂದೆಯನ್ನು ಕಂಡರು. ಕ್ಯಾಪ್ಟನ್ ಇನ್ನೂ ಲಂಕೆಯಲ್ಲೇ ಇದ್ದರು. ತಂದೆ ಮಗನ ಕಾಗದ ತೋರಿಸಿದರು. ಅದರಲ್ಲಿ ಹೆಚ್ಚೇನೂ ಇರಲಿಲ್ಲ. 'ನಮ್ಮ ಶೋರಾಪುರದ ಹುಡುಗ ಹಾಶಿಮನಿಗೆ ಗುಂಡು ಬಿತ್ತು. ಹೊತ್ತುಕೊಂಡು ಎರಡು ಮೈಲು ನಡೆದೆ. ನೀರು ಕೇಳಿದ. ಹೆಗಲ ಮೇಲೇ ಹೋದ.' ಅಲ್ಲಿಗೆ ಕಾಗದ ಮುಗಿದು, ದನಗಳು ಹೇಗಿವೆ ಎಂಬ ವಿಚಾರಣೆ ಶುರುವಾಗಿತ್ತು.

ನೀರು ಕೇಳಿದ. ಆ ಮಾತಿನ ಮುಂದೆ ಮಾಸ್ತರು ಇನ್ನೊಂದು ಮಾತು ಜೋಡಿಸಿದರು. ಅದು ಸುಳ್ಳೆಂದು ಅವರಿಗೆ ಹೊಳೆಯಲೇ ಇಲ್ಲ. ಬಿಸಿಲಿಗೆ ಕಲ್ಲು ಬಿರಿಯುವ ಈ ಸೀಮೆಯಲ್ಲಿ, ವೈರಿ ಬಂದು ನೀರು ಕೇಳಿದರೂ ಇಲ್ಲ ಅನ್ನುವವರಿಲ್ಲ. ಜಾತಿ ಕೇಳಿ ರೊಟ್ಟಿ ಹಾಕುವವರು ಉಂಟು, ಕಾಯಿಸಿ ಮಾತಾಡಿಸುವವರು ಉಂಟು; ಸಾಯುವವನು ಬಾಯಿಬಿಟ್ಟು ಕೇಳಿದಾಗ ನೀರು ಕೊಡದವನು ಎಂಥವನು? ಕೊಟ್ಟೇ ಇರುತ್ತಾನೆ. ಹಾಗೆಂದು ನಂಬಿ ಬರೆದರು. ಕೊನೆಯ ಗುಟುಕು, ಬಾಯಿಗೆ ಹನಿಸಿದ್ದು, ಅವೆರಡು ಮಾತ್ರ ಚೆಂದಕ್ಕೆ. ಪತ್ರಿಕೆಯವರು ಮೆಚ್ಚಿ ಬೆನ್ನು ತಟ್ಟಿದರು. ಜನ ಶೋರಾಪುರ ಅನ್ನುವ ಸುರಪುರದಲ್ಲಿ ಹಾಶಿಮನ ತಂದೆ ಶರೀಫಸಾಬ ಅದನ್ನು ಮತ್ತೆ ಮತ್ತೆ ಓದಿಸಿಕೊಂಡನಂತೆ ಎಂಬ ಸುದ್ದಿಯೂ ಬಂತು.

ಮರುವರ್ಷ ಕ್ಯಾಪ್ಟನ್ ರಜೆಗೆ ಬಂದವರು ಶಹಾಪುರದ ಶಾಲೆಗೇ ಬಂದರು. ಸ್ಟಾಫ್ ರೂಮಿನಲ್ಲಿ ಕುರ್ಚಿ ಇದ್ದರೂ ಕೂರಲಿಲ್ಲ.

"ನೀವು ಬರದದ್ದು ನಾ ಹೇಳಿಲ್ರಿ. ನಾ ನೀರು ಕೊಟ್ಟಿಲ್ಲ," ಎಂದರು. "ಪೇಪರಿನಾಗ ತಿದ್ದಿ ಹಾಕ್ರಿ."

ಯಾಕೆ ಕೊಡಲಿಲ್ಲ ಎಂದು ಮಾಸ್ತರು ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು, ಉತ್ತರ ಬಂದರೆ ಬರೆಯಬೇಕಾಗುತ್ತಿತ್ತು. "ಆ ತಂದಿ ತಾಯಿಗಿ ಅದೊಂದೇ ಸಮಾಧಾನ ಆಗ್ಯದರಿ. ಈಗ ಯಾಕ ಕೆದಕೂದು," ಎಂದರು. ಮಾತು ಧರ್ಮದ ಮಾತಿನಂತೆಯೇ ಇತ್ತು. ಒಳಗಿದ್ದದ್ದು ಮಾತ್ರ ಮಾನ ಹೋಗುವ ಹೆದರಿಕೆ. ಕ್ಯಾಪ್ಟನ್ ಸ್ವಲ್ಪ ಹೊತ್ತು ಕಿಟಕಿಯಾಚೆಯ ಗುಡ್ಡ ನೋಡುತ್ತ ನಿಂತರು. ಚಪರಾಸಿ ತಂದಿಟ್ಟ ನೀರನ್ನು ಮುಟ್ಟಲಿಲ್ಲ. ಹೋಗಿಬಿಟ್ಟರು. ಅವರು ಹೋದ ಮೇಲೆ ಮಾಸ್ತರು ಆ ಲೋಟ ಎತ್ತಿ ಕುಡಿಯಹೋದರು. ಮೊದಲ ಸಲ ಆ ದನಿ ಕೇಳಿದ್ದು ಆಗಲೇ.

ಈಗ ಆ ಫೈಲು ಮಾಸ್ತರ ಚೀಲದಲ್ಲಿ ಕೂತು ಶಹಾಪುರಕ್ಕೆ ಬಂತು. ಅದರ ಜೊತೆಗೆ ಒಂದು ಅಭಿಪ್ರಾಯ ಪತ್ರ. 'ಸೇರಿಸಬಹುದು', 'ಬೇಡ' ಎಂಬ ಎರಡು ಚೌಕ, ಕೆಳಗೆ 'ಕಾರಣ' ಬರೆಯಲು ನಾಲ್ಕು ಗೆರೆ. ಸೇರಿಸಬಹುದು ಎಂದರೆ ಎಲ್ಲರಿಗೂ ಸುಖ. ಸುಳ್ಳಿಗೆ ರಟ್ಟಿನ ಬೈಂಡು ಬಿದ್ದು ನೂರು ವರ್ಷ ಬಾಳುತ್ತದೆ. ಬೇಡ ಎಂದರೆ ಕಾರಣ ಹೇಳಬೇಕು. ಮೂರು ಆಧಾರ ಒಂದೇ ಆಧಾರ, ಅದು ನನ್ನದು ಎಂದು ಬರೆದರೆ, ಇಷ್ಟು ಜನರ ಅಜ್ಜಂದಿರನ್ನು ಕತ್ತರಿಸಿದ ಕತ್ತರಿ ಮಾಸ್ತರು ಊರ ಬಾಯಿಗೆ ಬೀಳುತ್ತಾರೆ. ಅದನ್ನಾದರೂ ತಾಳಬಹುದೇನೋ. ಹಾಶಿಮನ ತಾಯಿ ಗೌಹರಬೇಗಂ ಇನ್ನೂ ಬದುಕಿದ್ದಾಳೆ. ಎಂಬತ್ತು ವರ್ಷದ ಮುದುಕಿಯ ಕೈಯಿಂದ ಆ ಒಂದು ಗುಟುಕು ನೀರನ್ನು ಕಿತ್ತುಕೊಳ್ಳುವುದು ಹೇಗೆ?

ಆ ನೀರಿನ ಪ್ರತಾಪವನ್ನು ಅವರು ಕಣ್ಣಾರೆ ಕಂಡಿದ್ದರು. ಹಿಂದೊಮ್ಮೆ ಚುನಾವಣೆಯ ಕೆಲಸಕ್ಕೆ ಸುರಪುರಕ್ಕೆ ಹೋದಾಗ, ಒಂದು ಓಣಿಯ ಮನೆಯ ಮುಂದೆ ಕಲ್ಲಿನ ಕಟ್ಟೆಯ ಮೇಲೆ ಎರಡು ದೊಡ್ಡ ರಂಜಣಗಿಗಳಲ್ಲಿ ನೀರು ತುಂಬಿಟ್ಟಿದ್ದರು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕೊಡಗಳು. ಹಾದಿಹೋಕರು ನಿಂತು ಕುಡಿಯುತ್ತಿದ್ದರು. ಲಂಕಾದಲ್ಲಿ ಸತ್ತ ಹಾಶಿಮನ ತಾಯಿ ಇಟ್ಟ ಸಬೀಲು ಎಂದು ಯಾರೋ ಹೇಳಿದರು. ಸಬೀಲೆಂದರೆ ಪುಣ್ಯಕ್ಕೆ ಇಡುವ ಕುಡಿಯುವ ನೀರು. ಮಗನಿಗೆ ನೀರು ಸಿಕ್ಕ ಉಪಕಾರಕ್ಕೆ ತಾಯಿ ಊರಿಗೆಲ್ಲ ನೀರು ಕೊಡುತ್ತಿದ್ದಾಳೆ ಎಂದು ಮಾಸ್ತರು ಅರ್ಥ ಮಾಡಿಕೊಂಡರು. ಗಂಟಲು ಒಣಗಿ ಹೋಗಿದ್ದರೂ ಕುಡಿಯದೆ ಮುಂದೆ ನಡೆದಿದ್ದರು.

ಶನಿವಾರ ಭಾರತಿಯ ಫೋನು ಬಂತು. "ಸರ, ಹಾಶಿಮ ಅವರ ಫೋಟೋ ಬೇಕಂತ ಬಾಲರಾಜ ಸರ ಹೇಳ್ಯಾರ. ನಾಳೆ ಶೋರಾಪುರಕ್ಕ ಅವರ ಮನಿಗಿ ಹೊಂಟೀನಿ. ಅವರ ತಾಯಿ ಮುಂದ ಇದನ್ನ ಒಮ್ಮಿ ಓದಬೇಕಂತ ಆಶಾ ಅದರಿ."

"ಒಬ್ಬಾಕಿ ಹೋಗಬ್ಯಾಡವ್ವ. ನಾನೂ ಬರ್ತೀನಿ," ಎಂದರು ಮಾಸ್ತರು.

ಫೋನು ಇಟ್ಟ ಮೇಲೆ ಮಲ್ಲಿಕಮ್ಮ ನೀರಿನ ತಂಬಿಗೆ ಮುಂದೆ ಇಟ್ಟು, "ಮುಖ ಯಾಕ ಹಂಗಾಗ್ಯದ, ಸತ್ತವರನ್ನ ಕಂಡಂಗ?" ಎಂದಳು. ಮಾಸ್ತರು ಕುಡಿಯಲಿಲ್ಲ.

ಭಾನುವಾರ ಹತ್ತೂವರೆಗೆ ಇಬ್ಬರೂ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಸೇರಿದರು. ಗುಂಡುಕಲ್ಲುಗಳು ಆಗಲೇ ಕಾದು, ಅವುಗಳ ನಡುವೆ ಏರುವ ಓಣಿಯಲ್ಲಿ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಭಾರತಿ ಮುಂದೆ ಮುಂದೆ ಹೋಗುತ್ತಿದ್ದಳು. ಹಿಂದೆ ಮಾಸ್ತರು. ಮಾಸ್ತರ ಹಿಂದೆ ಇನ್ನೊಬ್ಬರ ಹೆಜ್ಜೆ ಸಪ್ಪಳವಿತ್ತು, ಭಾರವಾದ ಬೂಟಿನದು. ಎರಡು ಸಲ ತಿರುಗಿ ನೋಡಿದರು. ಮೂರನೆಯ ಸಲ ನೋಡಲಿಲ್ಲ.

"ನಮ್ಮಪ್ಪ ಊಟಕ್ಕ ಕುಂತಾಗ ನೀರು ಮುಟ್ಟತಿದ್ದಿಲ್ಲಂತ್ರಿ," ಎಂದಳು ಭಾರತಿ ನಡೆಯುತ್ತಲೇ. "ಎದ್ದು ಹಿತ್ತಲಕ್ಕ ಹೋಗಿ, ಯಾರಿಗೂ ಕಾಣದಂಗ ಕುಡೀತಿದ್ನಂತ. ಮಿಲ್ಟ್ರಿ ರೂಢಿ ಅಂತ ಅವ್ವ ಅಂತಾಳ."

ಮಾಸ್ತರು ತಲೆ ತಗ್ಗಿಸಿ ಓಣಿ ಏರಿದರು.

ಮನೆಯ ಮುಂದೆ ಅದೇ ಕಟ್ಟೆ, ಎರಡು ರಂಜಣಗಿ. ಬಾಗಿಲಲ್ಲಿ ಹೊಲಿಗೆ ಯಂತ್ರದ ಮುಂದೆ ಸೊಸೆ ಮುಬೀನಾ ಲಂಗ ಹೊಲಿಯುತ್ತಿದ್ದಳು. ಗೌಹರಬೇಗಂ ಕಟ್ಟೆಯ ಪಕ್ಕದ ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಸಣ್ಣ ಜೀವ, ಕಣ್ಣು ಮಾತ್ರ ಚುರುಕು. ಭಾರತಿ ತಾನು ಯಾರೆಂದು ಹೇಳಿದ್ದೇ ತಡ, ಮುದುಕಿ ಅವಳ ಕೈ ಹಿಡಿದು ಕೂರಿಸಿಕೊಂಡು, ಹಣೆ, ಕೆನ್ನೆ, ಗಲ್ಲ ಸವರಿ ನೋಡಿದಳು.

"ಕಪ್ತಾನನ ಮಗಳಾ? ಮೂಗು ಅವನದೇ ಅದ ಬೇಟಿ. ಬಿಸಲಾಗ ಬಂದೀದಿ, ಮೊದಲ ನೀರು ಕುಡಿ."

ತಾನೇ ಎದ್ದು ರಂಜಣಗಿಯಿಂದ ಲೋಟ ತುಂಬಿ ಕೊಟ್ಟಳು. ಭಾರತಿ ಗಟಗಟ ಕುಡಿದಳು. ಮುದುಕಿ ಇನ್ನೊಂದು ಲೋಟ ತುಂಬಿ, ಕೈ ಚಾಚಿ, "ಇವರು ಯಾರು?" ಎಂದಳು.

"ನಾಗಣ್ಣ ಸರ ಅಂತ. ಶಹಾಪುರದವರು, ಪುಸ್ತಕ ಬರೀಲಾಕತ್ತಾರ."

ಚಾಚಿದ ಕೈ ಅಲ್ಲೇ ನಿಂತಿತು. "ಶಹಾಪುರದ ಮಾಸ್ತರೇನು? ಪೇಪರಿಗಿ ಬರೀತಿದ್ದಂವ?"

"ಹೌದ್ರಿ," ಎಂದರು ನಾಗಣ್ಣ ಮಾಸ್ತರು.

ಗೌಹರಬೇಗಂ ಲೋಟದ ನೀರನ್ನು ಮತ್ತೆ ರಂಜಣಗಿಗೆ ಸುರುವಿ ಮುಚ್ಚಳ ಮುಚ್ಚಿದಳು. "ನಿಮಗ ಆಮ್ಯಾಲ," ಎಂದಳು.

ಮೂವತ್ತು ವರ್ಷದಲ್ಲಿ ಆ ಕಟ್ಟೆಯಿಂದ ಯಾರೂ ಬಾಯಾರಿ ಹೋಗಿರಲಿಲ್ಲವೇನೋ. ಮುಬೀನಾ ಹೊಲಿಗೆ ನಿಲ್ಲಿಸಿ, "ಅಮ್ಮಿ, ದೊಡ್ಡವರಿದ್ದಾರ," ಎಂದು ಮೆಲ್ಲಗೆ ಅಂದಳು. ಮುದುಕಿ ಅವಳ ಕಡೆ ನೋಡಲಿಲ್ಲ.

ಭಾರತಿ ಏನೂ ತಿಳಿಯದೆ ಫೈಲು ತೆರೆದಳು. "ಅಮ್ಮಾ, ಇದೊಂದು ಓದ್ತೀನಿ ಕೇಳ್ರಿ."

"ಬ್ಯಾಡ ಬೇಟಿ. ಅದು ನನಗ ಗೊತ್ತದ. ಕೊನೀ ಗುಟುಕು." ಮುದುಕಿ ಚಾಪೆಯ ಮೇಲೆ ಕೂತಳು. "ಆ ಪೇಪರ ಬಂದಾಗ ನಮ್ಮವರು ಇದ್ರು. ದಿನಾ ಓದಿಸಿಕೊಂತಿದ್ರು. ಬಚ್ಚಾ ಪ್ಯಾಸಾ ನೈ ಗಯಾ ಅಂತಿದ್ರು, ಹುಡುಗ ನೀರಡಿಸಿ ಹೋಗಲಿಲ್ಲ ಅಂತ. ಅದೇ ಸಮಾಧಾನದಾಗ ಅವರೂ ಹೋದ್ರು. ಆರು ವರ್ಷ ನಾನೂ ಹಂಗೇ ಇದ್ದೆ. ಆಮ್ಯಾಲ ಒಂದಿನ ನಿಮ್ಮಪ್ಪ ಬಂದ."

ಓಣಿಯಲ್ಲಿ ಒಂದು ಬೈಕು ಹೋಯಿತು. ಅದರ ಸದ್ದು ಅಡಗುವವರೆಗೆ ಅವಳು ಕಾದಳು.

"ನೀರು ಕೊಟ್ಟೆ, ಮುಟ್ಟಲಿಲ್ಲ. ಅಮ್ಮಾ, ಪೇಪರಿನ ಮಾತು ಖರೆ ಅಲ್ಲ ಅಂದ. ಹಾಶಿಮಗ ಹೊಟ್ಟಿಗಿ ಗುಂಡು ಬಿದ್ದಿತ್ತು. ಹೊಟ್ಟಿಗಿ ಬಿದ್ದವರಿಗಿ ನೀರು ಕೊಡಬಾರದು, ಕೊಟ್ರ ದವಾಖಾನಿ ಮುಟ್ಟಂಗಿಲ್ಲ ಅಂತ ಅವರಿಗಿ ಕಲಿಸಿರ್ತಾರಂತ. ಉಳಸಬೇಕಂತ ಕೊಡಲಿಲ್ಲ. ಬಾಟಲಿ ತುಂಬಿತ್ತಂತ ಬೇಟಿ. ಸೊಂಟದಾಗ ಇತ್ತಂತ. ನಿಮ್ಮಪ್ಪ ನಡೆಯೂ ಮುಂದ ಅದು ಕುಲುಕೂದು ಹುಡುಗಗ ಕೇಳತಿತ್ತಂತ. ಎರಡು ಮೈಲು ಕೇಳಿದ್ನಂತ. ಸಾಬ್ ನೀರು, ಸಾಬ್ ನೀರು ಅಂತ."

ಭಾರತಿಯ ಕೈಯಲ್ಲಿನ ಫೈಲು ಜಾರಿ ಚಾಪೆಯ ಮೇಲೆ ಬಿತ್ತು. ಯಾರೂ ಎತ್ತಲಿಲ್ಲ.

"ನಾ ಅವನ್ನ ಬೈದೆ. ನನ್ನ ಬಾಗಿಲಿಗಿ ನಿಲ್ಲಬ್ಯಾಡ ಹೋಗು ಅಂದೆ. ಅಂವ ಹೋಗಲಿಲ್ಲ. ಹೊತ್ತು ಮುಳುಗೂತನಕ ಇಲ್ಲೇ ಮಣ್ಣಾಗ ಕುಂತ. ಮರದಿನ ಕಲ್ಲು ತಂದ, ಮ್ಯಾಸ್ತ್ರಿನ ತಂದ. ಈ ಕಟ್ಟಿ ಕಟ್ಟಿಸಿದ. ಎರಡು ರಂಜಣಗಿ ಅವನೇ ಹೊತ್ತು ತಂದಿಟ್ಟ. ರಜಾ ಬಂದಾಗೆಲ್ಲಾ ಬಂದು ನೀರು ತುಂಬತಿದ್ದ. ಒಂದೇ ವರ್ಷ. ಆಮ್ಯಾಲ ಅವನೂ ಹೋದ."

ನಾಗಣ್ಣ ಮಾಸ್ತರು ಬಗ್ಗಿ, ರಂಜಣಗಿಯ ಒದ್ದೆ ಬಟ್ಟೆಯ ಅಂಚು ಸರಿಸಿದರು. ಕಟ್ಟೆಯ ಕಲ್ಲಿನಲ್ಲಿ ಉಳಿಯಿಂದ ಕೊರೆದ ಅಂಕಿ ಇತ್ತು: ೧೯೯೪, ವರದಿ ಬಂದ ಆರು ವರ್ಷದ ಮೇಲಿನದು. ಮೂವತ್ತೆರಡು ವರ್ಷ ಇತಿಹಾಸ ಕಲಿಸಿದವರು, ಆಧಾರ ಆಧಾರ ಎಂದು ಊರವರ ಪ್ರಾಣ ತಿಂದವರು, ಅಂದು ಈ ಬಟ್ಟೆ ಸರಿಸಿ ಒಂದು ಇಸವಿ ಓದಿರಲಿಲ್ಲ. ಇದು ಉಪಕಾರದ ನೀರಲ್ಲ. ಸಿಗದೇ ಹೋದ ನೀರು. ಅವರಿಗೆ ನಾಚಿಕೆಯಾಯಿತು. ನಿಂತ ನೆಲ ಬಾಯಿಬಿಡಬಾರದೇ ಅನ್ನುವಷ್ಟು ನಾಚಿಕೆಯಾಯಿತು.

"ನನಗ ಬಂದು ಹೇಳಿದ್ರು, ಕ್ಯಾಪ್ಟನ್ ಸಾಹೇಬರು. ತಿದ್ದಿ ಹಾಕು ಅಂದಿದ್ರು," ಎಂದರು. ಮಾತು ಭಾರತಿಗೆ, ಮುಖ ನೆಲಕ್ಕೆ. "ಬರದಂವ ನಾನೇ ಅವ್ವ. ಮೂರೂ ಕಡಿ ನಂದೇ. ನಾ ತಿದ್ದಲಿಲ್ಲ."

ಭಾರತಿ ಅವರನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುವಂಥ ನೋಟ.

"ಸಾಲಿಯೊಳಗ ಆಗಸ್ಟ್ ಹದಿನೈದಕ್ಕ ಅದನ್ನ ಓದ್ತಾರ ಮಾಸ್ತರ," ಎಂದಳು ಗೌಹರಬೇಗಂ. "ಮೈಕಿನಾಗ. ಇಲ್ಲಿತನಕ ಕೇಳ್ತದ. ವರ್ಷಾ ವರ್ಷಾ ನನ್ನ ಮಗಗ ಕಾಗದದಾಗ ನೀರು ಕುಡಸ್ತೀರಿ, ಚಪ್ಪಾಳಿ ಹೊಡೀತೀರಿ. ಅಂವ ಇನ್ನಾ ಕೇಳಲಾಕತ್ತಾನ. ಬರದಂವ ಒಂದಿನ ಬಂದೇ ಬರ್ತಾನ ಅಂತ ಕಪ್ತಾನ ಹೇಳಿದ್ದ. ನಾ ಕಾಯಕೊಂತ ಕುಂತೀನಿ. ಮೊದಲ ಬರೀರಿ. ಆಮ್ಯಾಲ ನೀರು ಕುಡೀರಿ."

ಮುಬೀನಾ ಒಳಗಿನಿಂದ ಅಳತೆ ಬರೆದುಕೊಳ್ಳುವ ನೋಟುಬುಕ್ಕಿನ ಎರಡು ಹಾಳೆ ಹರಿದು ತಂದಳು. ಮಾಸ್ತರು ಬಿಸಿಲಿನ ಮೆಟ್ಟಿಲ ಮೇಲೆ ಕೂತು ಬರೆದರು. ನೆರಳಿಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಜೀವಮಾನದಲ್ಲಿ ಎಷ್ಟೋ ಪುಟ ಬರೆದವರು, ಆ ಎಂಟು ಸಾಲಿಗೆ ಮುಕ್ಕಾಲು ತಾಸು ತೆಗೆದುಕೊಂಡರು. ಕೈ ಚೆಂದದ ಕಡೆಗೆ ಎಳೆಯುತ್ತಿತ್ತು. ಹೊಡೆದು ಹೊಡೆದು ಹಾಕಿ ಬರೆದರು. ಆಮೇಲೆ ಗಟ್ಟಿಯಾಗಿ ಓದಿದರು.

'ತಿದ್ದುಪಡಿ. ೧೯೮೮ರಲ್ಲಿ ಈ ಪತ್ರಿಕೆಯಲ್ಲಿ ಕ್ಯಾಪ್ಟನ್ ಮರಿಲಿಂಗಪ್ಪನವರ ಬಗ್ಗೆ ಬಂದ ವರದಿ ನನ್ನದು. ಅವರು ಸಿಪಾಯಿ ಹಾಶಿಮನಿಗೆ ನೀರು ಕೊಟ್ಟರೆಂದು ನನಗೆ ಯಾರೂ ಹೇಳಿರಲಿಲ್ಲ. ಅದು ನನ್ನ ಊಹೆ. ಅವರು ಕೊಡಲಿಲ್ಲ. ಹೊಟ್ಟೆಯ ಗಾಯಕ್ಕೆ ನೀರು ಕೊಟ್ಟರೆ ಉಳಿಯಲಾರನೆಂದು ಕೊಡಲಿಲ್ಲ. ಹಾಶಿಮ ನೀರು ಕೇಳುತ್ತಲೇ ತೀರಿಕೊಂಡ. ಮರುವರ್ಷ ಕ್ಯಾಪ್ಟನ್ನರೇ ಬಂದು ತಿದ್ದಲು ಹೇಳಿದರು. ನಾನು ಅಂಜಿ ತಿದ್ದಲಿಲ್ಲ.'

"ಹೊತ್ತಿದ್ದು ಬರದಿಲ್ಲ ನೀವು," ಎಂದಳು ಗೌಹರಬೇಗಂ. "ಎರಡು ಮೈಲು ಹೊತ್ತಿದ್ದು ಖರೆ. ಅದು ಹಾಕ್ರಿ. ಯಾರಿಗೂ ಕಮ್ಮಿ ಮಾಡಬ್ಯಾಡ್ರಿ."

ಮಾಸ್ತರು ಅದನ್ನೂ ಹಾಕಿದರು.

ಇನ್ನು ಅಭಿಪ್ರಾಯ ಪತ್ರ ಉಳಿದಿತ್ತು. ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎರಡು ಚೌಕಗಳ ಮೇಲೆ ಪೆನ್ನು ಆಡಿತು. ಅವರು ಕಂಡ ಮನುಷ್ಯರಲ್ಲಿ ಪುಸ್ತಕಕ್ಕೆ ಕ್ಯಾಪ್ಟನ್ನರಿಗಿಂತ ಯೋಗ್ಯರು ಯಾರೂ ಇರಲಿಲ್ಲ. ಯೋಗ್ಯ ಅನ್ನಲು ಇದ್ದದ್ದು ಒಬ್ಬ ಮುದುಕಿಯ ಬಾಯಿಮಾತು, ಒಂದು ಕಲ್ಲಿನ ಕಟ್ಟೆ. ಅಚ್ಚಾದದ್ದೆಲ್ಲ ಸುಳ್ಳು.

"ಭಾರತಿ, ನನ್ನ ನಿಯಮದ ಪ್ರಕಾರ ನಿಮ್ಮಪ್ಪನ್ನ ಸೇರಸಲಾಕ ಬರಂಗಿಲ್ಲವ್ವ," ಎಂದರು. "ನಿಯಮ ಮುರೀಲೇನು? ನೀ ಹೇಳಿದಂಗ."

ಭಾರತಿ ರಂಜಣಗಿಗಳ ಕಡೆ ನೋಡಿದಳು. ಬಾಯಿಪಾಠವಾದ ಆ ಒಂದು ಸಾಲಿನಲ್ಲಿ ಇಷ್ಟು ದಿನ ಇದ್ದ ಅಪ್ಪ ಅದರಿಂದ ಇಳಿದು, ಹಿತ್ತಲಿಗೆ ಹೋಗಿ, ಯಾರಿಗೂ ಕಾಣದಂತೆ ನೀರು ಕುಡಿಯುತ್ತಿದ್ದ.

"ಬ್ಯಾಡ್ರಿ ಸರ. ಬ್ಯಾಡ ಅಂತೇ ಬರೀರಿ," ಎಂದಳು. "ಅಪ್ಪ ಪುಸ್ತಕದಾಗ ಇಲ್ಲದಿದ್ರ ನಡೀತದ. ಆ ಸಾಲಿನಾಗ ಇರಬಾರದು. ಅದರಾಗ ಇರಲಾರದಕ್ಕೇ ಅಂವ ಇಲ್ಲಿತನಕ ಬಂದಿದ್ದ."

ಮಾಸ್ತರು 'ಬೇಡ' ಎಂಬ ಚೌಕಕ್ಕೆ ಗುರುತು ಹಾಕಿದರು. ಕಾರಣದ ನಾಲ್ಕು ಗೆರೆಗಳಲ್ಲಿ, ಮೂರೂ ಆಧಾರ ಒಂದೇ, ಅದು ನನ್ನದು, ಅದು ತಪ್ಪು ಎಂದು ಬರೆದು ಸಹಿ ಮಾಡಿದರು. ಭಾರತಿ ಕಣ್ಣೊರೆಸಿಕೊಂಡು, ಬಿದ್ದ ಫೈಲನ್ನು ಎತ್ತಿ, ಪತ್ರಿಕೆಯ ತುಣುಕನ್ನು ಎರಡು ಮಡಿಕೆ ಮಾಡಿ ಒಳಗಿಟ್ಟಳು.

ಆಗ ಗೌಹರಬೇಗಂ ಎದ್ದು ಲೋಟ ತುಂಬಿ ತಂದು ಮಾಸ್ತರ ಕೈಗೆ ಕೊಟ್ಟಳು. ಹೊರಗೆ ಬೆವರಿದ, ಮಣ್ಣಿನ ವಾಸನೆಯ ತಣ್ಣೀರು. ಲೋಟ ತುಟಿಗೆ ಬರುವಾಗ ಅವರು ಎಂದಿನಂತೆ ಕಿವಿಯನ್ನು ಹಿಂದಕ್ಕೆ ಕೊಟ್ಟು ಕಾದರು. ಆಮೇಲೆ ಕುಡಿದರು. ರೂಢಿಯಂತೆ ತಳದಲ್ಲಿ ಒಂದು ಗುಟುಕು ಬಿಟ್ಟು ಲೋಟವನ್ನು ಕಟ್ಟೆಯ ಮೇಲೆ ಇಟ್ಟರು.

ಮುದುಕಿ ಲೋಟದೊಳಗೆ ಬಗ್ಗಿ ನೋಡಿದಳು.

"ಕಟ್ಟಿ ಕಟ್ಟಿದ ಮ್ಯಾಲ ಕಪ್ತಾನನೂ ಮುಖಾ ತಿರುವಿ ಕುಡದು ಹಿಂಗೇ ಬಿಡ್ತಿದ್ದ," ಎಂದಳು. "ತಳದಾಗ ಇಷ್ಟು. ಯಾರಿಗಂತ ನಾ ಕೇಳಲಿಲ್ಲ."

ಮಾಸ್ತರು ತಲೆ ಎತ್ತಿದರು. ಹೆಂಡತಿಗೂ ಹೇಳದ ಮಾತು ಬಾಯಿಗೆ ಬಂತು. "ಅಮ್ಮಾ, ನಿಮಗೂ ಆ ದನಿ ಕೇಳ್ತದೇನ್ರಿ?"

ಗೌಹರಬೇಗಂ ಲೋಟ ಎತ್ತಿ ಮತ್ತೆ ಅವರ ಕೈಗೆ ಕೊಟ್ಟಳು.

"ಪೂರಾ ಕುಡೀರಿ ಮಾಸ್ತರ. ನೀವು ಬಿಟ್ಟಿದ್ದು ಅವನಿಗಿ ಮುಟ್ಟಂಗಿಲ್ಲ. ಮುಟ್ಟಿದ್ರ ಇಷ್ಟು ವರ್ಷ ಯಾಕ ಕೇಳ್ತಿದ್ದ?"

ನಾಗಣ್ಣ ಮಾಸ್ತರು ಆ ಗುಟುಕನ್ನೂ ಕುಡಿದರು. ಮುದುಕಿ ಖಾಲಿ ಲೋಟ ತೆಗೆದುಕೊಂಡು, ತೊಳೆದು, ಮುಂದೆ ಬರುವವರಿಗೆಂದು ರಂಜಣಗಿಯ ಮುಚ್ಚಳದ ಮೇಲೆ ಬೋರಲಾಗಿ ಇಟ್ಟಳು.